ಠಾಣೆ ಕೆಲಸದ ಪಾಠ ನಮಗೂ ಬೇಕು
(ಗೂಳೂರಿನಲ್ಲಿ ಯುವಕರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಪೊಲೀಸರ ವಿಷಯ ಮಾತಾಡಲು ಒಬ್ಬ ವಕೀಲರನ್ನು ಕರೆಸಬಹುದಿತ್ತು, ನಿವೃತ್ತ ಇನ್‌ಸ್ಪೆಕ್ಟರನ್ನು ಕರೆಸಬಹುದಿತ್ತು, ಈ ಪ್ರೆಸ್ಸಿನವನನ್ನು ಯಾಕೆ ನಿಲ್ಲಿಸಿದ್ದಾರೆ ಅಂತ ನಿಮ್ಮಲ್ಲಿ ಕೆಲವರು ಪಿಸುಗುಟ್ಟುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಕಾರಣ ಇದೆ. ಪ್ರೆಸ್ಸಿಗೆ ಮದುವೆ ಪತ್ರಿಕೆ ಮಾಡಿಸಲು ಬರುವಂತೆಯೇ ದೂರು ಬರೆಸಲೂ ಜನ ಬರುತ್ತಾರೆ. "ಅಣ್ಣ, ಸ್ವಲ್ಪ ಕಂಪ್ಯೂಟರಿನಲ್ಲಿ ಹೊಡೆದುಕೊಡಿ, ಸ್ಟೇಷನ್ನಿಗೆ ಕೊಡಬೇಕು" ಅನ್ನುತ್ತಾರೆ. ಏನಾಯಿತು ಅಂತ ಕೇಳಿದರೆ ಅಳುತ್ತಾರೆ, ಇಲ್ಲವೇ ಕೂಗಾಡುತ್ತಾರೆ. ಯಾರಿಗೆ ಬರೆಯಬೇಕು, ಏನು ಬರೆಯಬೇಕು, ಕೊಟ್ಟ ಮೇಲೆ ಏನು ಕೇಳಿ ತರಬೇಕು, ಇದು ಮಾತ್ರ ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಬಿ.ಇ. ಓದಿದವನಿಗೂ ಗೊತ್ತಿರುವುದಿಲ್ಲ, ಹೊಲ ಉಳುವವನಿಗೂ ಗೊತ್ತಿರುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ನಾಡಿನಲ್ಲಿ ಪೂರ್ತಿ ಸಮಾನತೆ ಬಂದುಬಿಟ್ಟಿದೆ!

ಬಾಂಧವರೇ, ಪೊಲೀಸ್ ಕೆಲಸವನ್ನು ನಾವು ಕಲಿತದ್ದು ಎಲ್ಲಿ? ಟೆಂಟಿನಲ್ಲಿ, ಥಿಯೇಟರಿನಲ್ಲಿ. 1988ರಲ್ಲಿ ಶಂಕರ್‌ನಾಗ್ ಸಾಂಗ್ಲಿಯಾನ ಆಗಿ ಬಂದರು. 1996ರಲ್ಲಿ ಸಾಯಿಕುಮಾರ್ 'ಪೊಲೀಸ್ ಸ್ಟೋರಿ'ಯಲ್ಲಿ ಬಂದರು. ನಾವು ಶಿಳ್ಳೆ ಹೊಡೆದೆವು, ಈಗಲೂ ಟಿ.ವಿ.ಯಲ್ಲಿ ಬಂದರೆ ಹೊಡೆಯುತ್ತೇವೆ. ಆದರೆ ಸಿನಿಮಾದ ಪೊಲೀಸಿಗೆ ಕಾಗದದ ಕೆಲಸವೇ ಇಲ್ಲ. ಅವನು ಮಹಜರು ಬರೆಯುವುದಿಲ್ಲ, ಠಾಣಾ ದಿನಚರಿ ತುಂಬುವುದಿಲ್ಲ, ಕೋರ್ಟಿಗೆ ಕಡತ ಹೊರುವುದಿಲ್ಲ. ನಿಜವಾದ ಪೊಲೀಸ್ ಕೆಲಸದಲ್ಲಿ ಮುಕ್ಕಾಲು ಪಾಲು ಕಾಗದವೇ. ಕಾಗದ ಅಂದ ಮೇಲೆ ಅದು ನನ್ನ ಕಸುಬು, ಅದಕ್ಕೇ ಮಾತಾಡಲು ಧೈರ್ಯ ಬಂತು.

ಜನರಿಗೆ ಪೊಲೀಸ್ ಕೆಲಸ ಕಲಿಸಬೇಕು ಅನ್ನುವ ಯೋಚನೆ ಹೊಸದಲ್ಲ. 1977ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಊರಿನ ಕಡೆ ಡೆವನ್ ಅಂಡ್ ಕಾರ್ನ್‌ವಾಲ್ ಪೊಲೀಸರು 'ಪೊಲೀಸ್ ರಾತ್ರಿ ಶಾಲೆ' ಅಂತ ಒಂದು ಶುರು ಮಾಡಿದರು. ಹಗಲು ದುಡಿಯುವ ಜನ ಸಂಜೆ ಬಂದು ಕೂರುವುದು, ಪೊಲೀಸರೇ ತಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಪಾಠ ಮಾಡುವುದು. ಅದನ್ನು ನೋಡಿ 1985ರಲ್ಲಿ ಅಮೆರಿಕದ ಒರ್ಲ್ಯಾಂಡೊ ಪೊಲೀಸರು ತಮ್ಮ ಊರಿನಲ್ಲಿ ಶುರು ಮಾಡಿದರು. ಅಲ್ಲಿಂದ ಆ ದೇಶದ ತುಂಬ ಹರಡಿತು. ವಾರಕ್ಕೊಂದು ಸಂಜೆಯಂತೆ ಕೆಲವು ವಾರ ಕ್ಲಾಸು. ಕೊನೆಗೆ ಒಂದು ಸರ್ಟಿಫಿಕೇಟು. ಪಾಸಾದವನು ಪೊಲೀಸ್ ಆಗುವುದಿಲ್ಲ, ಲಾಠಿ ಹಿಡಿಯುವುದಿಲ್ಲ. ತಿಳಿದ ನಾಗರಿಕ ಆಗುತ್ತಾನೆ, ಅಷ್ಟೇ. ನಮ್ಮಲ್ಲೂ ಒಂದು ಕಾಲಕ್ಕೆ ವಯಸ್ಕರ ಶಿಕ್ಷಣದ ರಾತ್ರಿ ಶಾಲೆ ಇತ್ತಲ್ಲ, ಲಾಟೀನು ಇಟ್ಟುಕೊಂಡು ಅ ಆ ಇ ಈ ತಿದ್ದಿಸುತ್ತಿದ್ದದ್ದು, ಅದೇ ರೀತಿ.

ನಮ್ಮ ಕರ್ನಾಟಕದಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಸುಳ್ಳು ಹೇಳಬಾರದು. 2017ರಲ್ಲಿ ಇಲಾಖೆ ಗಸ್ತು ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿತು. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದು ಬೀಟಿಗೆ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿ, ಆ ಬೀಟಿನ ಜನರನ್ನೂ ಸೇರಿಸಿಕೊಂಡು ಸಭೆ ಮಾಡಬೇಕು ಅಂತ ಆಯಿತು. ಶಾಲೆ ಮಕ್ಕಳನ್ನು ಠಾಣೆಗೆ ಕರೆತಂದು ತೋರಿಸುವ 'ತೆರೆದ ಮನೆ' ಇದೆ. ವೈರ್‌ಲೆಸ್ ಹೇಗೆ ಮಾತಾಡುತ್ತದೆ, ದೂರು ಹೇಗೆ ಬರೆದುಕೊಳ್ಳುತ್ತಾರೆ, ಲಾಕಪ್ ಅಂದರೆ ಏನು, ಎಲ್ಲ ಮಕ್ಕಳಿಗೆ ತೋರಿಸುತ್ತಾರೆ. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಬಂತು. 40–50 ಮನೆಗಳದ್ದು ಒಂದು ಗುಂಪು, ಆ ಗುಂಪಿಗೆ ಒಬ್ಬ ಪೊಲೀಸ್. ಅವರೇ ನಿಮ್ಮ ಮನೆ ಬಾಗಿಲಿಗೆ ಬಂದು ಕಷ್ಟಸುಖ ಕೇಳಬೇಕು. ಗೃಹ ಸಚಿವರಾಗಿ ಅದಕ್ಕೆ ಚಾಲನೆ ಕೊಟ್ಟ ಜಿ. ಪರಮೇಶ್ವರ ನಮ್ಮ ಜಿಲ್ಲೆಯವರೇ, ಕೊರಟಗೆರೆಯಿಂದ ಗೆದ್ದವರು. ಅದೇ ವರ್ಷ ಅಕ್ಟೋಬರಿನಲ್ಲಿ ಪೇದೆಗಳ ಆ ಹಳೇ ಸ್ಲೋಚ್ ಹ್ಯಾಟೂ ಹೋಗಿ ನೀಲಿ ಟೋಪಿ ಬಂತು. ಟೋಪಿ ಬದಲಾದದ್ದು ಒಳ್ಳೆಯದೇ, ಬಿಸಿಲಿನಲ್ಲಿ ನಿಲ್ಲುವವರ ಕಷ್ಟ ಅವರಿಗೇ ಗೊತ್ತು.

ಈಗ ಕೈ ಎತ್ತಿ ನೋಡೋಣ. ನಿಮ್ಮ ಬೀಟಿನ ಪೊಲೀಸ್ ಯಾರು ಅಂತ ಹೆಸರು ಹೇಳಬಲ್ಲವರು ಎಷ್ಟು ಜನ? ಮೂರು. ಇಷ್ಟು ದೊಡ್ಡ ಸಭೆಯಲ್ಲಿ ಮೂರು ಕೈ. ನಿಮ್ಮ ಮನೆ ಯಾವ ಠಾಣೆಯ ಸರಹದ್ದಿಗೆ ಸೇರುತ್ತದೆ ಅಂತ ಖಂಡಿತವಾಗಿ ಹೇಳಬಲ್ಲವರು? ಇದು ಪರವಾಗಿಲ್ಲ, ಅರ್ಧಕ್ಕೆ ಅರ್ಧ.

ತಪ್ಪು ಪೂರ್ತಿ ನಮ್ಮದಲ್ಲ. ಈ ಕಾರ್ಯಕ್ರಮಗಳಲ್ಲಿ ಹೇಳಿಕೊಡುವುದು ಏನು ಅಂತ ನಾನು ಗಮನಿಸಿದ್ದೇನೆ, ಯಾಕಂದರೆ ಇಂಥ ಸಭೆಗಳ ಬ್ಯಾನರು, ಕರಪತ್ರ ನಮ್ಮಂಥ ಪ್ರೆಸ್ಸಿನವರ ಕೈಯಲ್ಲೇ ತಯಾರಾಗುವುದು. ಹೆಲ್ಮೆಟ್ ಹಾಕಿ. ಕುಡಿದು ಗಾಡಿ ಓಡಿಸಬೇಡಿ. ಓ.ಟಿ.ಪಿ. ಹೇಳಬೇಡಿ. ಊರಿಗೆ ಹೋಗುವಾಗ ಚಿನ್ನ ಮನೆಯಲ್ಲಿಡಬೇಡಿ. ಎಲ್ಲ ಒಳ್ಳೆಯ ಮಾತೇ. ಆದರೆ ಎಲ್ಲವೂ ನಾವು ಏನು ಮಾಡಬಾರದು ಅನ್ನುವುದೇ! ಪೊಲೀಸರು ಏನು ಮಾಡಲೇಬೇಕು, ಏನು ಮಾಡುವ ಹಾಗಿಲ್ಲ, ಅವರು ಮಾಡದಿದ್ದರೆ ನಾವು ಯಾರ ಹತ್ತಿರ ಹೋಗಬೇಕು, ಆ ಪುಟ ಕರಪತ್ರದಲ್ಲಿ ಇರುವುದಿಲ್ಲ. ಶಾಲೆಯಲ್ಲಿ ಅರ್ಧ ಪುಸ್ತಕ ಹರಿದುಹಾಕಿ ಪಾಠ ಮಾಡಿದ ಹಾಗೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಊರು ಬೇಡ, ಠಾಣೆಯ ಹೆಸರೂ ಬೇಡ. ಸಾಲದ ಮೇಲೆ ಹೊಸ ಬೈಕ್ ತೆಗೆದಿದ್ದ. ತಿಂಗಳು ತಿಂಗಳು ಕಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆ ಮುಂದೆ ಬೈಕ್ ಇಲ್ಲ. ಠಾಣೆಗೆ ಓಡಿದ. "ಸುತ್ತಮುತ್ತ ನೋಡಪ್ಪ, ಯಾರಾದರೂ ಗೆಳೆಯರು ತಗೊಂಡು ಹೋಗಿರ್ತಾರೆ, ಒಂದು ವಾರ ಬಿಟ್ಟು ಬಾ" ಅಂದರು. ವಾರ ಬಿಟ್ಟು ಹೋದ. ಕೈಬರಹದ ಅರ್ಜಿ ಇಸಿದುಕೊಂಡರು. ರಶೀದಿ ಕೊಡಲಿಲ್ಲ, ಹಿಂಬರಹವೂ ಇಲ್ಲ. ಅವನು ದೂರು ದಾಖಲಾಯಿತು ಅಂದುಕೊಂಡು ಮನೆಗೆ ಬಂದ. ಎರಡು ತಿಂಗಳು ಆದ ಮೇಲೆ ವಿಮೆ ಕಂಪನಿಗೆ ಹೋದರೆ "ಎಫ್.ಐ.ಆರ್. ಎಲ್ಲಿ?" ಅಂದರು. ಅವನ ಹತ್ತಿರ ಇದ್ದದ್ದು ಮೊಬೈಲಿನಲ್ಲಿ ತೆಗೆದ ಅರ್ಜಿಯ ಫೋಟೋ. ಆಗ ಬಂದ ನನ್ನ ಪ್ರೆಸ್ಸಿಗೆ.

ಅವನಿಗೆ ಮೊದಲ ದಿನವೇ ಗೊತ್ತಿರಬೇಕಾದದ್ದು ಏನು? ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. 2024ರ ಜುಲೈ 1ರಿಂದ ದೇಶದಲ್ಲಿ ಹೊಸ ಕಾನೂನು. ಹಳೆಯ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ, ಹಳೆಯ ಸಿ.ಆರ್.ಪಿ.ಸಿ. ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಮೂರೂ ಕಾನೂನಿಗೆ ದಿಲ್ಲಿಯವರು ಹಿಂದಿಯ ಹೆಸರನ್ನೇ ಇಟ್ಟು, ಇಂಗ್ಲಿಷ್ ಪ್ರತಿಯಲ್ಲೂ ಅದನ್ನೇ ಉಳಿಸಿದರು. ಆ ಜಗಳ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ನಂಬರುಗಳು ಮಾತ್ರ ಬದಲಾದವು. ಕೊಲೆಯ 302 ಈಗ 103. ಮೋಸಕ್ಕೆ ನಾವು ಬೈಯುತ್ತಿದ್ದ 420 ಈಗ 318. ಬೈಗುಳ ಬದಲಾಗಲು ಇನ್ನೊಂದು ತಲೆಮಾರು ಬೇಕು!

ಈ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಒಂದನ್ನು ತಿಳಿದರೆ ಅರ್ಧ ಗೆದ್ದ ಹಾಗೆ. ಕಳ್ಳತನ, ಹಲ್ಲೆ, ಸುಲಿಗೆಯಂಥ ಕೇಸಿನಲ್ಲಿ ನೀವು ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಠಾಣಾಧಿಕಾರಿ ಅದನ್ನು ಬರೆದುಕೊಳ್ಳಬೇಕು, ನಿಮಗೆ ಓದಿ ಹೇಳಬೇಕು, ಆಮೇಲೆ ನಿಮ್ಮ ಸಹಿ ಹಾಕಿಸಬೇಕು. ಅದರ ಪ್ರತಿಯನ್ನು ದೂರು ಕೊಟ್ಟವನಿಗೆ ಪುಕ್ಕಟೆ ಕೊಡಬೇಕು. ಜೆರಾಕ್ಸಿನ ದುಡ್ಡನ್ನೂ ಕೇಳುವ ಹಾಗಿಲ್ಲ. ಘಟನೆ ನಮ್ಮ ಸರಹದ್ದಿನದಲ್ಲ ಅಂತ ವಾಪಸು ಕಳಿಸುವ ಹಾಗಿಲ್ಲ, ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಅದಕ್ಕೆ ಜೀರೋ ಎಫ್.ಐ.ಆರ್. ಅನ್ನುತ್ತಾರೆ. ಇ-ಮೇಲಿನಂಥ ದಾರಿಯಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ? ಜಿಲ್ಲಾ ಎಸ್.ಪಿ.ಗೆ ಅಂಚೆಯಲ್ಲಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲು ಇದೆ. ಕೆಲವು ಅಪರಾಧಗಳಲ್ಲಿ, ಅಂದರೆ ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯವುಗಳಲ್ಲಿ, ಡಿ.ವೈ.ಎಸ್.ಪಿ. ಅನುಮತಿ ಪಡೆದು 14 ದಿನ ಮೊದಲು ವಿಚಾರಿಸಿ ನೋಡಲು ಅವಕಾಶ ಇದೆ. ಅದು ಇದ್ದರೆ ಇದೆ ಅಂತ ಅವರು ಹೇಳಲಿ. ತೊಂಬತ್ತು ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ನಿಮಗೆ ತಿಳಿಸುವುದೂ ಅವರ ಕೆಲಸವೇ, ಅದನ್ನು ಕಾನೂನಿನಲ್ಲೇ ಬರೆದಿದ್ದಾರೆ.

ಇನ್ನು ಸಣ್ಣಪುಟ್ಟ ಬೈದಾಟದಂಥವು ಇವೆ, ಠಾಣೆಯಲ್ಲಿ ಎನ್.ಸಿ. ಅನ್ನುತ್ತಾರೆ. ಅಲ್ಲಿ ಪೊಲೀಸರು ತಾವಾಗಿ ತನಿಖೆ ಮಾಡುವ ಹಾಗಿಲ್ಲ, ಪುಸ್ತಕದಲ್ಲಿ ಬರೆದು ನಿಮ್ಮನ್ನು ಮ್ಯಾಜಿಸ್ಟ್ರೇಟರ ಹತ್ತಿರ ಕಳಿಸಬೇಕು. ಇದು ಗೊತ್ತಿಲ್ಲದೆ "ಪೊಲೀಸರು ಎದುರು ಪಾರ್ಟಿ ಹತ್ತಿರ ದುಡ್ಡು ತಿಂದರು" ಅಂತ ಊರೆಲ್ಲ ಹೇಳಿಕೊಂಡು ಬರುವವರೂ ಇದ್ದಾರೆ. ತಿಳಿಯದಿದ್ದರೆ ಪೊಲೀಸರಿಗೂ ಅನ್ಯಾಯ ಆಗುತ್ತದೆ.

ಆ ಹುಡುಗನಿಗೆ ನಾವು ಎಸ್.ಪಿ. ಕಚೇರಿಗೆ ರಿಜಿಸ್ಟರ್ ಅಂಚೆ ಹಾಕಿಸಿದೆವು. ಎಫ್.ಐ.ಆರ್. ಆಯಿತು. ನಮ್ಮ ಠಾಣೆಗಳಲ್ಲಿ ದೂರು ಕನ್ನಡದಲ್ಲೇ ಬರೆದುಕೊಳ್ಳುತ್ತಾರೆ, ಇದನ್ನು ಮೆಚ್ಚಲೇಬೇಕು, ಎಷ್ಟೋ ಇಲಾಖೆಗಳಿಗಿಂತ ಪೊಲೀಸರು ಮೇಲು. ಆದರೆ ವಿಮೆ ಕಂಪನಿಯವನು ಏನಂದ ಗೊತ್ತೇ? "ಇದು ರೀಜನಲ್ ಲ್ಯಾಂಗ್ವೇಜಿನಲ್ಲಿದೆ, ಇಂಗ್ಲಿಷಿಗೆ ಮಾಡಿಸಿಕೊಂಡು ಬಾ!" ಕರ್ನಾಟಕದಲ್ಲಿ ಅಂಗಡಿ ತೆರೆದು, ಕನ್ನಡಿಗನ ಹತ್ತಿರ ಕಂತು ಕಟ್ಟಿಸಿಕೊಂಡು, 1963ರಿಂದ ಕನ್ನಡ ಆಡಳಿತ ಭಾಷೆ ಅಂತ ಕಾನೂನು ಇರುವ ರಾಜ್ಯದಲ್ಲಿ ಸರ್ಕಾರಿ ಕಾಗದ ಓದಲು ಬರುವುದಿಲ್ಲ ಅನ್ನುವವನಿಗೆ ಏನು ಹೇಳಬೇಕು? ಹೇಳಬೇಕಾದ್ದನ್ನು ಹೇಳಿದೆವು. ಕಳ್ಳ ಸಿಗಲಿಲ್ಲ, ಪೊಲೀಸರು ಪತ್ತೆಯಾಗಿಲ್ಲ ಅಂತ 'ಸಿ' ರಿಪೋರ್ಟ್ ಹಾಕಿದರು, ಕೊನೆಗೆ ದುಡ್ಡು ಬಂತು. ಅಷ್ಟರಲ್ಲಿ ಇಲ್ಲದ ಬೈಕಿಗೆ ಹುಡುಗ ಎಂಟು ಕಂತು ಕಟ್ಟಿದ್ದ.

ಇದರ ಮೇಲೆ ನಾವು ಕೆಲವರು ಸೇರಿ ಒಂದು ಕರಪತ್ರ ಮಾಡೋಣ ಅಂದುಕೊಂಡೆವು. ವಕೀಲ ಮಿತ್ರರು ಬರೆದುಕೊಟ್ಟರು. ಮೊದಲ ಸಾಲೇ "ಸಂಜ್ಞೇಯ ಅಪರಾಧದ ಬಗ್ಗೆ ಮಾಹಿತಿ ಬಂದಾಗ ಪ್ರಥಮ ವರ್ತಮಾನ ವರದಿಯನ್ನು" ಅಂತ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹೆಂಗಸು ಇದ್ದಾರೆ, ಏಳನೇ ಕ್ಲಾಸು ಓದಿದವರು. ಅವರಿಗೆ ಓದಲು ಕೊಟ್ಟೆ. "ಸಂಜೆ ಹೊತ್ತು ಆಗೋ ಅಪರಾಧವಾ ಅಣ್ಣ?" ಅಂದರು. ನಗಬೇಡಿ. ಅವರ ಪ್ರಶ್ನೆ ಸರಿ, ನಮ್ಮ ಕನ್ನಡ ತಪ್ಪು. "ಪೊಲೀಸರು ತಾವೇ ಕೇಸು ಹಾಕಿ ಹಿಡಿಯಬಹುದಾದ ಅಪರಾಧ" ಅಂತ ತಿದ್ದಿದೆವು. 'ದೋಷಾರೋಪಣ ಪಟ್ಟಿ'ಯನ್ನು 'ಚಾರ್ಜ್‌ಶೀಟು' ಮಾಡಿದೆವು, ಯಾಕಂದರೆ ಆ ಪದವೇ ಜನರ ಬಾಯಲ್ಲಿ ಇರುವುದು. 'ಮಹಜರು' ಹಾಗೇ ಇರಲಿ ಅಂದೆವು. ಅದು ಪಾರಸಿ ಕಡೆಯಿಂದ ಬಂದದ್ದೋ ಎಲ್ಲಿಂದಲೋ, ಈಗ ನಮ್ಮ ಮನೆಯ ಮಗು. ಕನ್ನಡ ಅಂದರೆ ಸಂಸ್ಕೃತದ ಕಗ್ಗ ಅಂತ ತಿಳಿದಿರುವ ಕೆಲವು ಪಂಡಿತರು ನಮ್ಮ ಮೇಲೆ ಸಿಟ್ಟಾದರು. ಆಗಲಿ. ಠಾಣೆಯ ಬೆಂಚಿನ ಮೇಲೆ ಕೂತವನಿಗೆ ಅರ್ಥವಾಗುವುದೇ ಆಡಳಿತ ಕನ್ನಡ.

ಈಗ ನಿಮ್ಮಲ್ಲಿ ಹೋರಾಟಕ್ಕೆ ಇಳಿಯುವವರಿಗೆ ಒಂದು ಮಾತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಾಮಫಲಕದ ಹೋರಾಟ ಆಯಿತು, ರಕ್ಷಣಾ ವೇದಿಕೆಯ ನಾರಾಯಣಗೌಡರೂ ಕಾರ್ಯಕರ್ತರೂ ಬಂಧನ ಆದರು, ಜೈಲು ಕಂಡರು. ಬೋರ್ಡು ಹರಿದದ್ದು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ವ್ಯಾನಿಗೆ ಹತ್ತಿಸಿದ ಮೇಲೆ ಏನು ಅನ್ನುವುದು ನಮ್ಮ ಎಷ್ಟು ಹುಡುಗರಿಗೆ ಗೊತ್ತಿತ್ತು? ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಸಂವಿಧಾನದ 22ನೇ ವಿಧಿ. ಹಿಡಿದ ಕಾರಣ ಹೇಳಬೇಕು, ಮನೆಯವರಿಗೋ ಗೆಳೆಯನಿಗೋ ತಿಳಿಸಬೇಕು, ಹಿಡಿಯುವವರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು, ಬಂಧನದ ಕಾಗದಕ್ಕೆ ಸಾಕ್ಷಿಯ ಸಹಿ ಬೇಕು. 1996ರಲ್ಲೇ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಹೇಳಿತು, ಈಗ ಕಾನೂನಿನ ಪುಸ್ತಕಕ್ಕೇ ಸೇರಿದೆ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಬಂಧಿಸುವ ಹಾಗಿಲ್ಲ. ತೀರಾ ವಿಶೇಷ ಸಂದರ್ಭ ಅಂದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಬರೆಸಿಕೊಂಡು ಮಾಡಬೇಕು. ಸಾಕ್ಷಿ ಹೇಳಲಿಕ್ಕೆ ಅಂತ ಹೆಂಗಸರನ್ನು, ಅರವತ್ತು ದಾಟಿದ ಹಿರಿಯರನ್ನು, ಹದಿನೈದರ ಒಳಗಿನ ಹುಡುಗರನ್ನು ಠಾಣೆಗೆ ಬಾ ಅನ್ನುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ನಿಮ್ಮ ಅಜ್ಜಿಗೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ ನೋಡಿ, ನಂಬುವುದಿಲ್ಲ.

ಭಾಷೆಯ ವಿಷಯದಲ್ಲಿ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಬಂಧನದ ಕಾರಣವನ್ನು ಬರಹದಲ್ಲಿ ಕೊಡಬೇಕು, ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ. ಇದನ್ನು ಕೇಳಿ ನಾನು ಖುಷಿಪಟ್ಟೆ. ಕಾಸರಗೋಡಿನ ನಮ್ಮ ಅಣ್ಣತಮ್ಮಂದಿರಿಗೆ ಅಲ್ಲಿನ ಠಾಣೆಯಲ್ಲಿ ಕನ್ನಡದಲ್ಲಿ ಕೊಡಿ ಅಂತ ಕೇಳಲು ಇದು ಆಧಾರ. ಸೊಲ್ಲಾಪುರದವರಿಗೂ ಆಧಾರ. ಆದರೆ ಒಂದು ಮಾತು, ಯಾರೂ ಕೋಪ ಮಾಡಿಕೊಳ್ಳಬೇಡಿ. ನಮ್ಮ ವಸಂತನರಸಾಪುರದ ಕೈಗಾರಿಕೆಗಳಿಗೆ ಎಲ್ಲೆಲ್ಲಿಂದಲೋ ದುಡಿಯಲು ಬಂದಿದ್ದಾರೆ. ಅವರು ಕನ್ನಡ ಕಲಿಯಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಒಡಿಶಾದಿಂದ ನಿನ್ನೆ ಇಳಿದ ಹುಡುಗನನ್ನು ಹಿಡಿದಾಗ ಅವನ ಮೇಲಿನ ಆರೋಪ ಅವನಿಗೆ ಒಡಿಯಾದಲ್ಲಿ ತಿಳಿಯಬೇಕು. ಕಾಸರಗೋಡಿನಲ್ಲಿ ಕೇಳುವ ನ್ಯಾಯವನ್ನು ತುಮಕೂರಿನಲ್ಲಿ ಕೊಡದಿದ್ದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರುತ್ತದೆ?

ಇನ್ನೊಂದು ಹೊಸ ಪಿಡುಗು. 'ಡಿಜಿಟಲ್ ಅರೆಸ್ಟ್'. ಮೊಬೈಲಿನ ವಿಡಿಯೋದಲ್ಲಿ ಖಾಕಿ ಹಾಕಿಕೊಂಡ ಒಬ್ಬ ಬರುತ್ತಾನೆ, ಹಿಂದೆ ಅಶೋಕಸ್ತಂಭದ ಪರದೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಗದರಿಸುತ್ತಾನೆ. ನಿಮ್ಮ ಹೆಸರಿನಲ್ಲಿ ಡ್ರಗ್ಸ್ ಪಾರ್ಸಲ್ ಸಿಕ್ಕಿದೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ದುಡ್ಡು ಕಳಿಸಿ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಓದು ಓದಿದವರೇ ಜೀವಮಾನದ ಉಳಿತಾಯ ಕಳಿಸಿಬಿಟ್ಟರು. ಯಾಕೆ? ನಿಜವಾದ ಪೊಲೀಸ್ ಹೇಗೆ ಕೆಲಸ ಮಾಡುತ್ತಾನೆ ಅಂತ ಗೊತ್ತಿಲ್ಲದ್ದಕ್ಕೆ. ವಿಡಿಯೋದಲ್ಲಿ ಬಂಧಿಸುವ ಕಾನೂನೇ ಈ ದೇಶದಲ್ಲಿ ಇಲ್ಲ. ವಿಚಾರಣೆಗೆ ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಠಾಣೆ ಕೆಲಸದ ಒಂದು ಗಂಟೆಯ ಪಾಠ ಇದ್ದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಹಾಗೆ ಯಾರಾದರೂ ಗದರಿಸಿದರೆ ಕನ್ನಡದಲ್ಲಿ ಮಾತಾಡಿ, ಯಾವ ಠಾಣೆ, ಯಾವ ಊರು ಅಂತ ಕೇಳಿ, ಫೋನ್ ಇಟ್ಟು 1930ಕ್ಕೆ ಹೇಳಿ. ದುಡ್ಡು ಹೋಗಿದ್ದರಂತೂ ಒಂದು ನಿಮಿಷ ತಡಮಾಡಬೇಡಿ, ಬ್ಯಾಂಕಿನಲ್ಲಿ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ.

ಪೊಲೀಸರ ಹತ್ತಿರ ಹೋಗೋಣ ಅಂದಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಕ್ಕದ ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಲ್ಲಿ 'ಫ್ರೆಂಡ್ಸ್ ಆಫ್ ಪೊಲೀಸ್' ಶುರುವಾಯಿತು. ಜನ ಮತ್ತು ಪೊಲೀಸರ ನಡುವೆ ಸ್ನೇಹ, ಒಳ್ಳೆಯ ಉದ್ದೇಶ. ಬರಬರುತ್ತಾ ಕೆಲವು ಕಡೆ ಆ ಗೆಳೆಯರೇ ಅರ್ಧ ಪೊಲೀಸರಾದರು, ಗಾಡಿ ತಡೆದರು, ರಾತ್ರಿ ಗಸ್ತಿನಲ್ಲಿ ದಬಾಯಿಸಿದರು. 2020ರಲ್ಲಿ ಸಾತಾನ್‌ಕುಳಂ ಠಾಣೆಯವರು ಹಿಡಿದ ತಂದೆ ಮಗ ಸತ್ತಾಗ ಈ ಗೆಳೆಯರ ಮೇಲೂ ಆರೋಪ ಬಂತು, ಸರ್ಕಾರ ಅದನ್ನೇ ನಿಷೇಧಿಸಿತು. ಕೇರಳದವರು 2008ರಲ್ಲಿ 20 ಠಾಣೆಗಳಲ್ಲಿ 'ಜನಮೈತ್ರಿ' ಶುರು ಮಾಡಿದಾಗ ಮನೆ ಮನೆಗೆ ಹೋಗುವ ಕೆಲಸವನ್ನು ಬೀಟ್ ಪೊಲೀಸರಿಗೇ ಕೊಟ್ಟರು, ಜನರ ಸಮಿತಿಗೆ ಮಾತಾಡುವ ಕೆಲಸ ಮಾತ್ರ. ಅದು ಸರಿ ಅಂತ ನನ್ನ ಅಭಿಪ್ರಾಯ. ಆದ್ದರಿಂದ ಬೀಟಿನ ಸಮಿತಿಗೆ ಸೇರಿದ ಕೂಡಲೇ ವಿಸಿಟಿಂಗ್ ಕಾರ್ಡ್ ಮಾಡಿಸಲು ನನ್ನ ಪ್ರೆಸ್ಸಿಗೆ ಬರಬೇಡಿ! 'ಪೊಲೀಸ್' ಅಂತ ಕೆಂಪು ಅಕ್ಷರದಲ್ಲಿ ಬೈಕಿಗೆ ಸ್ಟಿಕ್ಕರ್ ಕೇಳುವವರಿಗೆ ನಾನು ಮಾಡಿಕೊಡುವುದಿಲ್ಲ.

ಪೊಲೀಸರ ಕಡೆಯಿಂದಲೂ ನೋಡೋಣ. ಅವರಲ್ಲಿ ಬಹುಪಾಲು ನಮ್ಮ ರೈತರ ಮಕ್ಕಳೇ, ನಮ್ಮ ಜೊತೆ ಕಾಲೇಜಿನ ಬೆಂಚಿನಲ್ಲಿ ಕೂತವರೇ. ನನ್ನ ಪಿ.ಯು.ಸಿ. ಸಹಪಾಠಿಗಳಲ್ಲೂ ಇದ್ದಾರೆ. ವಾರದ ರಜೆ ಕಾಗದದಲ್ಲಿ ಇರುತ್ತದೆ, ಬಂದೋಬಸ್ತ್ ಬಂದರೆ ಹೋಯಿತು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಅಂತ ಪೇದೆಗಳು ಎದ್ದದ್ದು ಸುಮ್ಮನೆ ಅಲ್ಲ. ಸಂಬಳದ ವಿಷಯ ನೋಡಲು ಔರಾದ್ಕರ್ ಸಮಿತಿ ಆದದ್ದೂ ಅದೇ ವರ್ಷವೇ. ಜನರಿಗೆ ಪೊಲೀಸ್ ಕೆಲಸ ತಿಳಿದರೆ ಅವರಿಗೂ ಲಾಭ ಇದೆ. ಮಾರ್ಕ್ಸ್ ಕಾರ್ಡ್ ಕಳೆದುಹೋದವನು ಠಾಣೆಯ ರೈಟರ್ ಮುಂದೆ ಅರ್ಧ ದಿನ ಕೂರಬೇಕಾಗಿಲ್ಲ, ಆನ್‌ಲೈನಿನಲ್ಲೇ ಇ-ಲಾಸ್ಟ್ ವರದಿ ಪಡೆಯಬಹುದು. ಅಷ್ಟು ಜನ ಕಡಿಮೆಯಾದರೆ ರೈಟರಿಗೆ ಬೈಕ್ ಕಳೆದುಕೊಂಡವನ ಮುಖ ನೋಡಲು ಪುರಸೊತ್ತು ಸಿಗುತ್ತದೆ.

ಈಗ ನಮ್ಮ ಗೂಳೂರಿಗೆ ಬರುತ್ತೇನೆ. ಎಲ್ಲ ಕಡೆ ಭಾದ್ರಪದದಲ್ಲಿ ಗಣಪ ಬಂದು ಹೋಗುತ್ತಾನೆ, ನಮ್ಮ ಗೂಳೂರು ಗಣಪ ಬಲಿಪಾಡ್ಯಮಿಗೆ ಪೂಜೆಗೆ ಕೂರುತ್ತಾನೆ, ಕಾರ್ತಿಕ ಪೂರ್ತಿ ಇರುತ್ತಾನೆ. ಎಲ್ಲ ಕೋಮಿನವರೂ ಸೇರಿ ಮಾಡುವ ಕೆಲಸ. ಕೆರೆಯಲ್ಲಿ ಬಿಡುವ ದಿನ ಸಿಡಿಮದ್ದು, ಜಾತ್ರೆ, ಎಲ್ಲೆಲ್ಲಿಂದಲೋ ಜನ. ಅಷ್ಟು ದಿನ ಪೊಲೀಸರೂ ಇಲ್ಲೇ ಬರುತ್ತಾ ಹೋಗುತ್ತಾ ಇರುತ್ತಾರೆ. ಮೈಕಿಗೆ ಅನುಮತಿ ಯಾರು ಕೊಡಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾಕೆ ಹಾಕಬಾರದು, ಮೆರವಣಿಗೆಯ ದಾರಿ ಯಾಕೆ ಮೊದಲೇ ಬರೆದುಕೊಡಬೇಕು, ಮಗು ಕಳೆದುಹೋದರೆ ಮೊದಲು ಏನು ಮಾಡುತ್ತಾರೆ, ಕಾಲ್ತುಳಿತ ಆಗದ ಹಾಗೆ ಹಗ್ಗ ಎಲ್ಲಿ ಕಟ್ಟುತ್ತಾರೆ. ಪುಸ್ತಕ ಬೇಡ, ಪಾಠ ಕಣ್ಣ ಮುಂದೆಯೇ ನಡೆಯುತ್ತಿರುತ್ತದೆ. ಆ ತಿಂಗಳಲ್ಲಿ ವಾರಕ್ಕೊಂದು ಸಂಜೆ, ಒಂದು ಗಂಟೆ, ನಮ್ಮ ರಾತ್ರಿ ಶಾಲೆ ಇಲ್ಲಿ ಯಾಕೆ ನಡೆಯಬಾರದು? ಒಂದು ಸಂಜೆ ಬೀಟ್ ಪೊಲೀಸ್ ಮಾತಾಡಲಿ. ಒಂದು ಸಂಜೆ ವಕೀಲರು. ಒಂದು ಸಂಜೆ ಹೆಣ್ಣುಮಕ್ಕಳೇ ಕೂತು ಮಹಿಳಾ ಪೊಲೀಸರನ್ನು ಕೇಳಲಿ, ಅಲ್ಲಿ ನಾವು ಗಂಡಸರು ಬೇಡ. ಇನ್ನೊಂದು ಸಂಜೆ ಪೊಲೀಸರು ಸುಮ್ಮನೆ ಕೂರಲಿ, ಜನ ಹೇಳಲಿ. ಅದು ಕಷ್ಟದ ಕ್ಲಾಸು, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಹಾರ, ಶಾಲು, ಫೋಟೋ ಇಲ್ಲದೆ ಬರುವುದಾದರೆ ಬರಲಿ ಅಂತ ಅಧಿಕಾರಿಗಳಿಗೆ ಹೇಳಿಬಿಡೋಣ. ಹಾರ ತುರಾಯಿಗೆ ಹೋಗುವ ದುಡ್ಡಿನಲ್ಲಿ ನಾಲ್ಕು ಸಾವಿರ ಕರಪತ್ರ ಹೊಡೆಯಬಹುದು, ಲೆಕ್ಕ ನನಗೆ ಗೊತ್ತು.

ಅರ್ಜಿ ನಾನು ಬರೆದು ತಂದಿದ್ದೇನೆ, ಎಸ್.ಪಿ. ಅವರಿಗೆ. ಕನ್ನಡದಲ್ಲಿ, ಒಂದೇ ಪುಟ. ಬಾಗಿಲ ಹತ್ತಿರದ ಮೇಜಿನ ಮೇಲೆ ಇದೆ, ಪಕ್ಕದಲ್ಲೇ ಕರಪತ್ರದ ಕಟ್ಟೂ ಇದೆ. ಸಹಿ ಹಾಕುವವರು ಪೂರ್ತಿ ಓದಿ ಹಾಕಿ, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ನನ್ನ ಕಾಗದಕ್ಕೂ. ಕರಪತ್ರ ತಲೆಗೆ ಎರಡು ತೆಗೆದುಕೊಳ್ಳಿ, ಒಂದು ಮನೆಗೆ, ಒಂದು ಕೆಲಸದ ಜಾಗಕ್ಕೆ. ಕೆಳಗೆ ಮುದ್ರಕರ ಹೆಸರು ವಿಳಾಸ ಇದೆ, ತಪ್ಪು ಕಂಡರೆ ಬಂದು ಹೇಳಿ, ಎರಡನೇ ಮುದ್ರಣದಲ್ಲಿ ತಿದ್ದುತ್ತೇನೆ. ಹಿಂದೆ ಕೂತಿರುವ ಆ ಹುಡುಗ ಆಗಲಿಂದ ಕೈ ಎತ್ತುತ್ತಿದ್ದಾನೆ. ಮೈಕ್ ಅವನಿಗೆ ಕೊಡಿ.